ಹೆನ್ರಿ ಮೋಸ್ಲಿ

ಹೆನ್ರಿ ಗ್ವಿನ್ ಜೆಫ್ರೀಸ್ ಮೋಸ್ಲಿ (23 ನವೆಂಬರ್ 1887 – 10 ಆಗಸ್ಟ್ 1915) ಇಂಗ್ಲೆಂಡಿನ ಭೌತವಿಜ್ಞಾನಿ. ಧಾತುಗಳ ಪರಮಾಣು ಸಂಖ್ಯೆಗೆ ಪ್ರಾಯೋಗಿಕ ಆಧಾರ ಒದಗಿಸಿದವರು. ಸಿಂಕ್ರೊಟ್ರಾನ್ ಕೇಂದ್ರಗಳಲ್ಲಿ ಇಂದು ನಡೆಯುವ ಕ್ಷ-ಕಿರಣ ರೋಹಿತ ಅಧ್ಯಯನಗಳಿಗೆ ಇವರು ಕಂಡುಕೊಂಡ ನಿಯಮವೂ ಒಂದು ತಳಹದಿ.

ಬಾಲ್ಯ ಮತ್ತು ಶಿಕ್ಷಣ

ಮೋಸ್ಲಿ ಜನಿಸಿದ್ದು ಡಾರ್ಸೆಟ್ ಪ್ರಾಂತದ ವೇಮತ್‌ನಲ್ಲಿ. ತಂದೆ ಹೆನ್ರಿ ನಾಟಿಡ್ಜ್ ಮೋಸ್ಲಿ, ಚಾಲೆಂಜರ್ ನೌಕೆಯ ಸಂಶೋಧನಾ ಯಾನದಲ್ಲಿ ಪಾಲ್ಗೊಂಡಿದ್ದ ನಿಸರ್ಗ ವಿಜ್ಞಾನಿ. ಅವರು 1891ರಲ್ಲಿ ನಿಧನರಾದಾಗ ಮಗನಿಗೆ ನಾಲ್ಕು ವರ್ಷ ತುಂಬಿರಲಿಲ್ಲ. ಈಟನ್ ಶಾಲೆ ಹಾಗೂ ಆಕ್ಸ್‌ಫರ್ಡಿನ ಟ್ರಿನಿಟಿ ಕಾಲೇಜಿನಲ್ಲಿ ಓದಿದ ಮೋಸ್ಲಿ, 1910ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅರ್ನೆಸ್ಟ್ ರುದರ್‌ಫರ್ಡ್ ಅವರ ಪ್ರಯೋಗಾಲಯವನ್ನು ಸೇರಿದರು.

ಸಂಶೋಧನೆ

ಧಾತುಗಳಿಂದ ಹೊಮ್ಮುವ ಕ್ಷ-ಕಿರಣಗಳನ್ನು ಹರಳಿನಿಂದ ಪ್ರತಿಫಲಿಸಿ, ಅವುಗಳ ರೋಹಿತ ರೇಖೆಗಳನ್ನು ಇವರು 1913ರಲ್ಲಿ ಛಾಯಾಫಲಕಗಳ ಮೇಲೆ ದಾಖಲಿಸಿದರು. ಕೋಷ್ಟಕದಲ್ಲಿ ಒಂದು ಧಾತುವಿನಿಂದ ಮುಂದಿನದಕ್ಕೆ ಸಾಗಿದಂತೆ, ರೇಖೆಯ ಆವೃತ್ತಿಯ ವರ್ಗಮೂಲವು ಸಮಾನ ಅಂತರದಲ್ಲಿ ಏರುತ್ತಿತ್ತು. ಇದೇ ಮೋಸ್ಲಿ ನಿಯಮ. ಧಾತುವಿನ ಸ್ಥಾನವನ್ನು ನಿರ್ಧರಿಸುವುದು ಪರಮಾಣು ತೂಕವಲ್ಲ, ಬೀಜದ ವಿದ್ಯುದಾವೇಶ ಎಂಬುದು ಇದರಿಂದ ಸ್ಪಷ್ಟವಾಯಿತು. ನಿಕಲ್‌ಗಿಂತ ತೂಕ ಹೆಚ್ಚಿದ್ದರೂ ಕೋಬಾಲ್ಟ್ ಅದಕ್ಕಿಂತ ಮೊದಲು ಬರುವುದಕ್ಕೆ ಕಾರಣ ದೊರೆಯಿತು. 43, 61 ಮತ್ತು 75ನೆಯ ಸ್ಥಾನಗಳು ತೆರವಾಗಿವೆಯೆಂದು 1914ರಲ್ಲಿ ಮೋಸ್ಲಿ ತೋರಿಸಿದರು. ಮುಂದೆ ಟೆಕ್ನೀಶಿಯಂ, ಪ್ರೊಮೀಥಿಯಂ ಮತ್ತು ರೀನಿಯಂ ಧಾತುಗಳು ಆ ಸ್ಥಾನಗಳನ್ನು ತುಂಬಿದವು.

ಯುದ್ಧ ಮತ್ತು ಮರಣ

ಮೊದಲನೆಯ ಮಹಾಯುದ್ಧ ಆರಂಭವಾದಾಗ ಮೋಸ್ಲಿ ಬ್ರಿಟಿಷ್ ಸೇನೆಯ ರಾಯಲ್ ಎಂಜಿನಿಯರ್ಸ್ ದಳವನ್ನು ಸೇರಿ ಸಂಪರ್ಕಾಧಿಕಾರಿಯಾದರು. ತುರ್ಕಿಯ ಗಲಿಪೊಲಿ ರಣರಂಗದಲ್ಲಿ ಗುಂಡೇಟಿಗೆ ಬಲಿಯಾದಾಗ ಅವರಿಗೆ ಕೇವಲ 27 ವರ್ಷ. ಉಯಿಲಿನಲ್ಲಿ ತಮ್ಮ ಆಸ್ತಿಯನ್ನು ಪ್ರಾಯೋಗಿಕ ಸಂಶೋಧನೆಗಾಗಿ ರಾಯಲ್ ಸೊಸೈಟಿಗೆ ಬಿಟ್ಟಿದ್ದರು.

ಪ್ರಭಾವ

ಸಿಂಕ್ರೊಟ್ರಾನಿನಲ್ಲಿ ಬೆಳಕಿನ ವೇಗದ ಸಮೀಪದಲ್ಲಿ ಸುತ್ತುವ ಎಲೆಕ್ಟ್ರಾನುಗಳು ಪ್ರಖರ ವಿಕಿರಣವನ್ನು ಸೂಸುತ್ತವೆ. ಅದರಿಂದ ಬೇಕಾದ ಶಕ್ತಿಯ ಕ್ಷ-ಕಿರಣಗಳನ್ನು ಆರಿಸಿಕೊಳ್ಳಬಹುದು. ಪ್ರತಿ ಧಾತುವೂ ನಿರ್ದಿಷ್ಟ ಶಕ್ತಿಯಲ್ಲಿ ಅವುಗಳನ್ನು ಹಠಾತ್ತನೆ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಒಳಕವಚದ ಎಲೆಕ್ಟ್ರಾನುಗಳಿಗೆ ಸಂಬಂಧಿಸಿದ ಈ ಶಕ್ತಿ ಕೋಬಾಲ್ಟ್‌ಗೆ ಸುಮಾರು 7.7, ನಿಕಲ್‌ಗೆ 8.3, ತಾಮ್ರಕ್ಕೆ 9.0 ಕಿಲೋ ಎಲೆಕ್ಟ್ರಾನ್‌ವೋಲ್ಟ್. ಮೋಸ್ಲಿ ನಿರ್ಣಯಿಸಿದ ಕ್ರಮವೇ ಇಲ್ಲಿಯೂ ಕಾಣುತ್ತದೆ. ಆದ್ದರಿಂದ ಹಲವು ಧಾತುಗಳು ಬೆರೆತ ಅತಿವಾಹಕದಲ್ಲಿ ತಾಮ್ರದ ಸ್ಥಿತಿಯನ್ನು, ಬ್ಯಾಟರಿಯ ವಸ್ತುವಿನಲ್ಲಿ ಕೋಬಾಲ್ಟ್‌ನ ಬದಲಾವಣೆಯನ್ನು ಪ್ರತ್ಯೇಕವಾಗಿ ಗುರುತಿಸುವುದು ಸಾಧ್ಯ. ಭಾರತದಲ್ಲಿ ಇಂಥ ಅಧ್ಯಯನಗಳು ಇಂದೋರಿನ ಇಂಡಸ್-2 ಕೇಂದ್ರದಲ್ಲಿ ನಡೆಯುತ್ತವೆ.