ಮಳೆಯಿಂದ ಮಿಲ್ ನಡೆಸ ಹೊರಟವರು

ಭದ್ರಾವತಿಯಿಂದ ಮುಂಬೈಗೆ ಬಂದು ಹದಿನಾರು ವರ್ಷವಾಯಿತು. ಪರೇಲಿನ ನಮ್ಮ ಆಫೀಸಿನ ಕಿಟಕಿಯಿಂದ ಹಳೆಯ ಬಟ್ಟೆ ಮಿಲ್ಲಿನ ಚಿಮಣಿ ಕಾಣುತ್ತದೆ. ಮೊನ್ನೆ ಮಗಳು ಅದನ್ನು ನೋಡಿ, ಕಲ್ಲಿದ್ದಲೇ ಸಿಗದಿದ್ದರೆ ಈ ಊರು ಏನಾಗುತ್ತಿತ್ತು ಎಂದು ಕೇಳಿದಳು. ನನಗೆ ನೆನಪಾದವರು ಜಮ್‌ಶೆಟ್‌ಜಿ ಟಾಟಾ.

1839ರಲ್ಲಿ ಗುಜರಾತಿನ ನವಸಾರಿಯಲ್ಲಿ, ಪಾರ್ಸಿ ಪುರೋಹಿತರ ಮನೆತನದಲ್ಲಿ ಹುಟ್ಟಿದ ಅವರು ತಂದೆಯ ವ್ಯಾಪಾರದ ದೆಸೆಯಿಂದ ಮುಂಬೈ ಸೇರಿದರು. ನಮ್ಮಂತೆಯೇ ಹೊರಗಿನಿಂದ ಬಂದವರು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿದರು. 1877ರಲ್ಲಿ ಎಂಪ್ರೆಸ್ ಮಿಲ್ ತೆರೆದದ್ದು ಮುಂಬೈಯಲ್ಲಲ್ಲ, ನಾಗಪುರದಲ್ಲಿ. ಹತ್ತಿ, ರೈಲು, ನೀರು, ಇಂಧನ ಎಲ್ಲವೂ ಅಲ್ಲಿ ಹತ್ತಿರವಿದ್ದವು.

ಮುಂಬೈ ಸುತ್ತ ಕಲ್ಲಿದ್ದಲಿಲ್ಲ. ದೂರದಿಂದ ತರಿಸಿಯೇ ಮಿಲ್ಲುಗಳು ಉಗಿಯಂತ್ರ ಓಡಿಸಬೇಕಿತ್ತು. ಆದರೆ ಲೋನಾವಳಾ ಘಟ್ಟದಲ್ಲಿ ಮಳೆಗೆ ಬರವಿರಲಿಲ್ಲ. ತೊಡಕು ಒಂದೇ: ಮಳೆ ನಾಲ್ಕು ತಿಂಗಳು, ಮಿಲ್ಲು ಹನ್ನೆರಡು ತಿಂಗಳು. ಅಣೆಕಟ್ಟು ಕಟ್ಟಿ ನೀರು ನಿಲ್ಲಿಸುವುದು, ಸುಮಾರು 500 ಮೀಟರ್ ಕೆಳಗಿನ ಖೋಪೋಲಿಗೆ ಕೊಳವೆಯಲ್ಲಿ ಇಳಿಸಿ ಟರ್ಬೈನ್ ತಿರುಗಿಸುವುದು, ಕರೆಂಟನ್ನು ತಂತಿಯಲ್ಲಿ ಮುಂಬೈಗೆ ಒಯ್ಯುವುದು ಯೋಜನೆ. 1902ರಲ್ಲಿ ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ಮುಟ್ಟಿದಾಗ ಇಂಥದ್ದು ಆಗುತ್ತದೆ ಎಂಬುದು ಸಾಬೀತಾಗಿತ್ತು.

ಉಕ್ಕಿನ ಕಾರ್ಖಾನೆ, ಬೆಂಗಳೂರಿನ ವಿಜ್ಞಾನ ಸಂಸ್ಥೆ, ಜಲವಿದ್ಯುತ್ತು, ಈ ಮೂರನ್ನೂ ಕಾಣದೆ ಅವರು 1904ರಲ್ಲಿ ಜರ್ಮನಿಯಲ್ಲಿ ತೀರಿಕೊಂಡರು. ಮಗ ದೊರಾಬ್‌ಜಿ ಕೆಲಸ ಮುಂದುವರಿಸಿದರು. 1915ರಲ್ಲಿ ಖೋಪೋಲಿಯ ಕರೆಂಟು ಮುಂಬೈಗೆ ಬಂತು. ಮಿಲ್ಲುಗಳು ಒಂದೊಂದಾಗಿ ಉಗಿಯಂತ್ರ ಬಿಟ್ಟವು.

ಹಾಗಾದರೆ ಕಲ್ಲಿದ್ದಲು ಬೇಡವೇ ಇತ್ತೇ? ಅಷ್ಟು ಸರಳವಲ್ಲ. ಉಕ್ಕಿಗಾಗಿ ಕಲ್ಲಿದ್ದಲು, ಅದಿರು ಹುಡುಕಿಸಿದವರೂ ಇದೇ ಜಮ್‌ಶೆಟ್‌ಜಿ. ನಮ್ಮೂರ ಕಾರ್ಖಾನೆ 1923ರಲ್ಲಿ ಮರದ ಇದ್ದಿಲಿನಿಂದಲೇ ಕಬ್ಬಿಣ ತೆಗೆಯಿತು, ನಿಜ. ಅದಕ್ಕೆ ಮಲೆನಾಡಿನ ಮರಗಳು ಉರುಳಿದವು. ನೀರೂ ಬಿಟ್ಟಿ ಸಿಗಲಿಲ್ಲ. 1921ರಲ್ಲಿ ಪುಣೆ ಬಳಿಯ ಮುಳಶಿಯಲ್ಲಿ, ಟಾಟಾ ಅಣೆಕಟ್ಟಿಗೆ ಭೂಮಿ ಕಳೆದುಕೊಳ್ಳಲಿದ್ದ ರೈತರು ಸತ್ಯಾಗ್ರಹಕ್ಕೆ ಕುಳಿತರು.

ಮಗಳಿಗೆ ಹೇಳಿದೆ: ಊರು ಇರುತ್ತಿತ್ತು ಪುಟ್ಟಿ, ಮಿಲ್ಲೂ ಓಡುತ್ತಿತ್ತು. ಎಲ್ಲವೂ ನಿಧಾನವಾಗುತ್ತಿತ್ತು. ಬೆಲೆಯನ್ನು ಮಾತ್ರ ಹೊಗೆಯ ಬದಲು ಯಾರದೋ ಕಾಡು, ಯಾರದೋ ಗದ್ದೆ ತೆರುತ್ತಿತ್ತು.