ಇಯಾನ್ ಮರ್ಡಾಕ್

ಇಯಾನ್ ಆಶ್ಲಿ ಮರ್ಡಾಕ್ (28 ಏಪ್ರಿಲ್ 1973 – 28 ಡಿಸೆಂಬರ್ 2015) ಅವರು ಅಮೆರಿಕದ ತಂತ್ರಾಂಶ ತಜ್ಞರು ಹಾಗೂ ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಸ್ಥಾಪಕರು. ಡೆಬಿಯನ್ನಿನ ಪ್ಯಾಕೇಜುಗಳನ್ನು ಗಣಕಯಂತ್ರದಲ್ಲಿ ಸ್ಥಾಪಿಸಲು ಮತ್ತು ತೆಗೆದುಹಾಕಲು ಬಳಸುವ ಡಿಪಿಕೆಜಿ ಎಂಬ ಕಮಾಂಡ್ ಲೈನ್ ಸಾಧನದ ಮೊದಲ ರೂಪವನ್ನು ಬರೆದವರೂ ಇವರೇ. ಒಬ್ಬರನ್ನೊಬ್ಬರು ಕಾಣದ ನೂರಾರು ಸ್ವಯಂಸೇವಕರು ಬಿಡಿಬಿಡಿಯಾಗಿ ಸಿದ್ಧಪಡಿಸಿದ ಭಾಗಗಳಿಂದ ಒಂದು ಇಡೀ ವ್ಯವಸ್ಥೆಯನ್ನು ಕಟ್ಟಬಹುದೆಂಬುದನ್ನು ಇವರ ಯೋಜನೆ ತೋರಿಸಿಕೊಟ್ಟಿತು.

ಜನನ ಮತ್ತು ವಿದ್ಯಾಭ್ಯಾಸ

ಮರ್ಡಾಕ್ ಅವರು ಅಂದಿನ ಪಶ್ಚಿಮ ಜರ್ಮನಿಯ ಕೊನ್‌ಸ್ಟಾನ್ಸ್ ನಗರದಲ್ಲಿ ಜನಿಸಿದರು. ಅಮೆರಿಕದ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ, 1996ರಲ್ಲಿ ಗಣಕ ವಿಜ್ಞಾನದಲ್ಲಿ ಪದವಿ ಪಡೆದರು. ಇವರ ಹೆಸರನ್ನು ಉಳಿಸಿರುವ ಕೆಲಸವು ಪದವಿಗೆ ಮೂರು ವರ್ಷ ಮೊದಲೇ, ಇಪ್ಪತ್ತನೆಯ ವಯಸ್ಸಿನಲ್ಲಿ ಆರಂಭವಾಗಿತ್ತು.

ಡೆಬಿಯನ್ ಸ್ಥಾಪನೆ

ಲೀನಸ್ ಟೋರ್ವಾಲ್ಡ್ಸ್ ಅವರು 1991ರಲ್ಲಿ ಪ್ರಕಟಿಸಿದ ಲಿನಕ್ಸ್ ಎಂಬುದು ಕಾರ್ಯಾಚರಣಾ ವ್ಯವಸ್ಥೆಯ ತಿರುಳು ಮಾತ್ರ. ಅದರೊಂದಿಗೆ ಗ್ನೂ ಯೋಜನೆಯ ಸಾಧನಗಳು ಮತ್ತು ಇತರ ನೂರಾರು ತಂತ್ರಾಂಶಗಳು ಸೇರಿದರೆ ಮಾತ್ರ ಯಂತ್ರ ಉಪಯೋಗಕ್ಕೆ ಬರುತ್ತದೆ. ಹೀಗೆ ಒಟ್ಟುಗೂಡಿಸಿ ಹಂಚುವ ಸಂಗ್ರಹಗಳಿಗೆ ವಿತರಣೆ ಎಂಬ ಹೆಸರು ಬಂದಿತು. ಆ ಕಾಲದಲ್ಲಿ ಹೆಚ್ಚು ಬಳಕೆಯಲ್ಲಿದ್ದ ಎಸ್‌ಎಲ್‌ಎಸ್ ಎಂಬ ವಿತರಣೆಯಲ್ಲಿ ದೋಷಗಳು ಹೇರಳವಾಗಿದ್ದವು. ಅವುಗಳನ್ನು ತಿದ್ದುವ ನಿಯತವಾದ ವ್ಯವಸ್ಥೆಯೂ ಇರಲಿಲ್ಲ. ಈ ಅತೃಪ್ತಿಯೇ ಮರ್ಡಾಕ್ ಅವರ ಪ್ರಯತ್ನಕ್ಕೆ ಪ್ರೇರಣೆಯಾಯಿತು. 1993ರ ಆಗಸ್ಟ್ 16ರಂದು ಅವರು ಹೊಸ ವಿತರಣೆಯೊಂದನ್ನು ಯೂಸ್‌ನೆಟ್ ಸುದ್ದಿಗುಂಪಿನಲ್ಲಿ ಘೋಷಿಸಿದರು. ಮುಂದೆ ತಮ್ಮ ಪತ್ನಿಯಾದ ಡೆಬ್ರಾ ಅವರ ಹೆಸರಿನ ಆರಂಭದೊಡನೆ ತಮ್ಮ ಹೆಸರನ್ನು ಜೋಡಿಸಿ ಅದಕ್ಕೆ ಡೆಬಿಯನ್ ಎಂದು ಹೆಸರಿಟ್ಟರು.

ಯೋಜನೆಯ ಉದ್ದೇಶಗಳನ್ನು ವಿವರಿಸುವ ಡೆಬಿಯನ್ ಪ್ರಣಾಳಿಕೆಯನ್ನೂ ಅವರೇ ಬರೆದರು. ವಿತರಣೆಯನ್ನು ಸಿದ್ಧಪಡಿಸುವುದು ಬೇಸರದ ಕೆಲಸ. ಹೊಸತನದ ಆಕರ್ಷಣೆ ಕಳೆದ ಮೇಲೆ ಅದನ್ನು ಮುಂದುವರಿಸಲು ಯಾರೂ ಉಳಿಯುವುದಿಲ್ಲ ಎಂಬುದು ಅವರು ಗುರುತಿಸಿದ ಮುಖ್ಯ ತೊಡಕು. ಆದ್ದರಿಂದ ಒಬ್ಬ ವ್ಯಕ್ತಿಯಾಗಲಿ ಮುಚ್ಚಿದ ಬಾಗಿಲಿನ ಸಣ್ಣ ಗುಂಪಾಗಲಿ ಅಲ್ಲ, ಆಸಕ್ತರಾದ ಎಲ್ಲರೂ ಬಹಿರಂಗವಾಗಿ ಸೇರಿ ಈ ಕೆಲಸವನ್ನು ನಿರ್ವಹಿಸಬೇಕೆಂದು ಅವರು ಪ್ರತಿಪಾದಿಸಿದರು. ರಿಚರ್ಡ್ ಸ್ಟಾಲ್ಮನ್ ಅವರ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 1994ರ ನವೆಂಬರ್‌ನಿಂದ ಒಂದು ವರ್ಷ ಕಾಲ ಯೋಜನೆಗೆ ಪ್ರಾಯೋಜಕತ್ವ ನೀಡಿತು.

ಡಿಪಿಕೆಜಿ ಮತ್ತು ಪ್ಯಾಕೇಜ್ ಪದ್ಧತಿ

ಆಶಯವನ್ನು ಬರೆದಿಡುವುದು ಸುಲಭ. ನೂರು ಜನರ ಕೈಯಿಂದ ಬಂದ ತುಣುಕುಗಳು ಒಂದೇ ಯಂತ್ರದಲ್ಲಿ ಘರ್ಷಣೆಯಿಲ್ಲದೆ ಕೂಡಿಕೊಳ್ಳುವಂತೆ ಮಾಡುವುದು ಬೇರೆಯೇ ಮಾತು. ಒಬ್ಬರ ತಂತ್ರಾಂಶ ಮತ್ತೊಬ್ಬರ ಕಡತವನ್ನು ಅಳಿಸಬಾರದು. ಒಂದಕ್ಕೆ ಬೇಕಾದ ಇನ್ನೊಂದು ಇಲ್ಲದಿದ್ದರೆ ಮೊದಲೇ ತಿಳಿಯಬೇಕು. ಬೇಡವಾದುದನ್ನು ಬೇರುಸಹಿತ ತೆಗೆಯಲು ಬರಬೇಕು. 1994ರ ಜನವರಿಯಲ್ಲಿ ಹೊರಬಂದ ಡೆಬಿಯನ್ 0.91ರಲ್ಲಿಯೇ ಪ್ಯಾಕೇಜುಗಳನ್ನು ಸೇರಿಸುವ ಮತ್ತು ತೆಗೆಯುವ ಸರಳ ಏರ್ಪಾಡು ಇತ್ತು. ಮರ್ಡಾಕ್ ಅವರು ಶೆಲ್ ಲಿಪಿಯಾಗಿ ಬರೆದ ಈ ಸಾಧನವು ಬಳಿಕ ಪರ್ಲ್ ಭಾಷೆಗೆ ಬಂದಿತು. ಅದೇ ವರ್ಷ ಇಯಾನ್ ಜಾಕ್ಸನ್ ಅವರು ಅದರ ಮುಖ್ಯ ಭಾಗವನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. ಇಬ್ಬರ ಹೆಸರೂ ಇಯಾನ್ ಆಗಿರುವುದರಿಂದ ಒಬ್ಬರ ಕೆಲಸವನ್ನು ಇನ್ನೊಬ್ಬರದೆಂದು ಭಾವಿಸುವ ಸಂಭವವಿದೆ. ಇಂದು ಬಳಕೆಯಲ್ಲಿರುವ ಡಿಪಿಕೆಜಿಯ ರಚನೆ ಹೆಚ್ಚಾಗಿ ಜಾಕ್ಸನ್ ಅವರದು.

ಡೆಬಿಯನ್ ಪ್ಯಾಕೇಜ್ ಎಂಬುದು ನೋಟಕ್ಕೆ ಒಂದೇ ಕಡತ. ಅದರೊಳಗೆ ಸ್ಥಾಪನೆಯಾಗಬೇಕಾದ ಕಡತಗಳ ಕಟ್ಟು ಒಂದು, ವಿವರಗಳ ಕಟ್ಟು ಇನ್ನೊಂದು. ಪ್ಯಾಕೇಜಿನ ಹೆಸರು, ಆವೃತ್ತಿ, ಅವಲಂಬಿಸಿರುವ ಇತರ ಪ್ಯಾಕೇಜುಗಳು, ನಿರ್ವಾಹಕರ ಹೆಸರು ಇವೆಲ್ಲ ಆ ವಿವರಗಳಲ್ಲಿ ಇರುತ್ತವೆ. ಈ ಕೊನೆಯ ಅಂಶವನ್ನು ಲಘುವಾಗಿ ಕಾಣಲಾಗದು. 1995ರ ಮಾರ್ಚ್‌ನ ಆವೃತ್ತಿಯ ವೇಳೆಗೆ ಪ್ರತಿಯೊಂದು ಪ್ಯಾಕೇಜಿನ ಹೊಣೆ ಅದರ ನಿರ್ವಾಹಕರದೇ ಎಂಬುದು ಸ್ಪಷ್ಟವಾಗಿ ನೆಲೆಗೊಂಡಿತು. ದೋಷ ಕಂಡವರಿಗೆ ಯಾರನ್ನು ಕೇಳಬೇಕೆಂಬುದು ತಿಳಿಯಿತು.

ಪ್ಯಾಕೇಜನ್ನು ಸಿದ್ಧಪಡಿಸುವವರು ಮೂಲ ಸಂಕೇತದ ಜೊತೆಗೆ ಡೆಬಿಯನ್ ಹೆಸರಿನ ಕಡತಕೋಶವೊಂದನ್ನು ಇಡುತ್ತಾರೆ. ಕಟ್ಟುವ ನಿಯಮಗಳು, ಬದಲಾವಣೆಗಳ ದಿನಚರಿ, ಹಕ್ಕುಸ್ವಾಮ್ಯದ ವಿವರ ಅದರಲ್ಲಿರುತ್ತವೆ. ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್ ಎಂಬ ಒಂದೇ ಆಜ್ಞೆಯನ್ನು ಕೊಟ್ಟರೆ ಆ ನಿಯಮಗಳಂತೆ ತಂತ್ರಾಂಶ ರೂಪುಗೊಂಡು ಪ್ಯಾಕೇಜ್ ಹೊರಬರುತ್ತದೆ. ಲಿಂಟಿಯನ್ ಎಂಬ ಸಾಧನ ಅದನ್ನು ಪರೀಕ್ಷಿಸಿ ತಪ್ಪುಗಳನ್ನು ಪಟ್ಟಿ ಮಾಡುತ್ತದೆ, ಉತ್ತರ ಪತ್ರಿಕೆ ತಿದ್ದುವವರಷ್ಟೇ ನಿಷ್ಠುರವಾಗಿ. ನಿರ್ವಾಹಕರು ತಮ್ಮ ಗೂಢಲಿಪಿಯ ಕೀಲಿಯಿಂದ ಅಂಕಿತ ಹಾಕಿ, ಡಿಪುಟ್ ಎಂಬ ಆಜ್ಞೆಯಿಂದ ಅದನ್ನು ಭಂಡಾರಕ್ಕೆ ಕಳುಹಿಸುತ್ತಾರೆ. ಅಲ್ಲಿಗೆ ಪ್ರಕಟಣೆ ಮುಗಿಯುವುದಿಲ್ಲ. ಪ್ಯಾಕೇಜ್ ಮೊದಲು ಅಸ್ಥಿರ ವಿಭಾಗದಲ್ಲಿದ್ದು, ಗಂಭೀರ ದೋಷಗಳು ಕಾಣದಿದ್ದರೆ ಕೆಲವು ದಿನಗಳ ನಂತರ ಪರೀಕ್ಷಾ ವಿಭಾಗಕ್ಕೆ, ಅಲ್ಲಿಂದ ಕಾಲಕ್ರಮದಲ್ಲಿ ಸ್ಥಿರ ಆವೃತ್ತಿಗೆ ಸೇರುತ್ತದೆ. ಆವೃತ್ತಿಗಳಿಗೆ ಟಾಯ್ ಸ್ಟೋರಿ ಚಲನಚಿತ್ರದ ಪಾತ್ರಗಳ ಹೆಸರಿಡುವುದು ವಾಡಿಕೆ. ಅಸ್ಥಿರ ವಿಭಾಗಕ್ಕೆ ಮಾತ್ರ ಶಾಶ್ವತವಾಗಿ ಸಿಡ್ ಎಂದೇ ಹೆಸರು; ಸಿಡ್ ಆ ಚಿತ್ರದಲ್ಲಿ ಆಟಿಕೆಗಳನ್ನು ಮುರಿಯುವ ಹುಡುಗ. ಈ ಸಾಧನಗಳಲ್ಲಿ ಹೆಚ್ಚಿನವು ಮರ್ಡಾಕ್ ಅವರ ನಿರ್ಗಮನದ ನಂತರ ಬೇರೆಯವರಿಂದ ರೂಪುಗೊಂಡವು. ಆದರೆ ಕೆಲಸವನ್ನು ಪ್ಯಾಕೇಜುಗಳಾಗಿ ಹಂಚುವ ಮೂಲ ವಿಚಾರ ಅವರದು.

ನಾಯಕತ್ವದಿಂದ ನಿವೃತ್ತಿ

1995ರ ಕೊನೆಯಲ್ಲಿ ಸಿಡಿ ಮಾರಾಟಗಾರರೊಬ್ಬರು ಇನ್ನೂ ಸಿದ್ಧವಾಗದ ಡೆಬಿಯನ್ನನ್ನು 1.0 ಎಂಬ ಸಂಖ್ಯೆಯಲ್ಲಿ ಹೊರತಂದರು. ಗೊಂದಲ ಬೇಡವೆಂದು ಯೋಜನೆಯು ಆ ಸಂಖ್ಯೆಯನ್ನೇ ಕೈಬಿಟ್ಟಿತು. 1996ರ ಜೂನ್‌ನಲ್ಲಿ 474 ಪ್ಯಾಕೇಜುಗಳೊಡನೆ 1.1 ಬಿಡುಗಡೆಯಾಯಿತು. ಅಷ್ಟರಲ್ಲಿ, ಅದೇ ವರ್ಷದ ಮಾರ್ಚ್‌ನಲ್ಲಿ, ಮರ್ಡಾಕ್ ಅವರು ನಾಯಕತ್ವವನ್ನು ಬ್ರೂಸ್ ಪೆರೆನ್ಸ್ ಅವರಿಗೆ ವಹಿಸಿಕೊಟ್ಟಿದ್ದರು. ಆಗ ಅವರಿಗೆ 22 ವರ್ಷ. ಸ್ಥಾಪಕರು ಹೊರಟಮೇಲೆ ಕುಸಿಯುವ ಸಂಸ್ಥೆಗಳೇ ಹೆಚ್ಚು. ಡೆಬಿಯನ್ ಮಾತ್ರ ಬೆಳೆಯುತ್ತಲೇ ಹೋಯಿತು. 1998ರ 2.0 ಆವೃತ್ತಿಯಲ್ಲಿ ಪ್ಯಾಕೇಜುಗಳ ಸಂಖ್ಯೆ 1,500ನ್ನು ದಾಟಿತ್ತು. 2004ರಲ್ಲಿ ಆರಂಭವಾದ ಉಬುಂಟು ಡೆಬಿಯನ್ನಿನ ಅಡಿಪಾಯದ ಮೇಲೆಯೇ ನಿಂತಿದೆ.

ನಂತರದ ವೃತ್ತಿಜೀವನ

2000ದಲ್ಲಿ ಅವರು ಇಂಡಿಯಾನಾಪೊಲಿಸ್‌ನಲ್ಲಿ ಪ್ರೊಜೆನಿ ಲಿನಕ್ಸ್ ಸಿಸ್ಟಮ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದು 2007ರಲ್ಲಿ ಮುಚ್ಚಿತು. ಫ್ರೀ ಸ್ಟ್ಯಾಂಡರ್ಡ್ಸ್ ಗ್ರೂಪ್‌ನಲ್ಲಿ ಮತ್ತು ಅದರ ವಿಲೀನದಿಂದ ರೂಪುಗೊಂಡ ಲಿನಕ್ಸ್ ಫೌಂಡೇಶನ್‌ನಲ್ಲಿ ಮುಖ್ಯ ತಂತ್ರಜ್ಞಾನಾಧಿಕಾರಿಯಾಗಿದ್ದರು. 2007ರ ಮಾರ್ಚ್‌ನಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸೇರಿ ಪ್ರಾಜೆಕ್ಟ್ ಇಂಡಿಯಾನಾದ ಮುಂದಾಳತ್ವ ವಹಿಸಿದರು. ಅದರ ಫಲವಾಗಿ 2008ರಲ್ಲಿ ಬಂದ ಓಪನ್‌ಸೋಲಾರಿಸ್ ವಿತರಣೆಯಲ್ಲಿ ಜಾಲದ ಭಂಡಾರದಿಂದ ಒಂದೇ ಆಜ್ಞೆಯಿಂದ ತಂತ್ರಾಂಶವನ್ನು ಪಡೆಯುವ ಹೊಸ ಪ್ಯಾಕೇಜ್ ವ್ಯವಸ್ಥೆಯಿತ್ತು. ಹದಿನೈದು ವರ್ಷಗಳ ಹಿಂದೆ ಹಿಡಿದ ಸಮಸ್ಯೆಯನ್ನೇ ಅವರು ಮತ್ತೆ ಕೈಗೆತ್ತಿಕೊಂಡಂತಾಯಿತು. ಮುಂದೆ ಎಕ್ಸಾಕ್ಟ್‌ಟಾರ್ಗೆಟ್‌ನಲ್ಲಿದ್ದು, 2015ರಲ್ಲಿ ಡಾಕರ್ ಸಂಸ್ಥೆಗೆ ಸೇರಿದರು.

ನಿಧನ

ಮರ್ಡಾಕ್ ಅವರು 2015ರ ಡಿಸೆಂಬರ್ 28ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ತಮ್ಮ 42ನೆಯ ವಯಸ್ಸಿನಲ್ಲಿ ನಿಧನರಾದರು. ಅದು ಆತ್ಮಹತ್ಯೆಯೆಂದು ವೈದ್ಯಕೀಯ ಪರೀಕ್ಷಾಧಿಕಾರಿಯ ವರದಿ 2016ರಲ್ಲಿ ತಿಳಿಸಿತು. 2017ರ ಜೂನ್ 17ರಂದು ಬಿಡುಗಡೆಯಾದ, ಸ್ಟ್ರೆಚ್ ಹೆಸರಿನ ಡೆಬಿಯನ್ 9 ಆವೃತ್ತಿಯನ್ನು ಅವರಿಗೆ ಅರ್ಪಿಸಲಾಯಿತು. ಅದರಲ್ಲಿ 51,000ಕ್ಕೂ ಹೆಚ್ಚು ಪ್ಯಾಕೇಜುಗಳಿದ್ದವು.

ಭಾರತ ಮತ್ತು ಕನ್ನಡ

ಡೆಬಿಯನ್ನಿನ ವಾರ್ಷಿಕ ಸಮ್ಮೇಳನವಾದ ಡೆಬ್‌ಕಾನ್ 2023ರ ಸೆಪ್ಟೆಂಬರ್‌ನಲ್ಲಿ ಕೇರಳದ ಕೊಚ್ಚಿಯಲ್ಲಿ ನಡೆಯಿತು. ಗುಬ್ಬಿ ಮತ್ತು ನವಿಲು ಎಂಬ ಕನ್ನಡ ಯೂನಿಕೋಡ್ ಅಕ್ಷರಶೈಲಿಗಳು ಡೆಬಿಯನ್ ಭಂಡಾರದಲ್ಲಿ ಪ್ರತ್ಯೇಕ ಪ್ಯಾಕೇಜುಗಳಾಗಿ ದೊರೆಯುತ್ತವೆ. ನವಿಲು ಕೈಬರಹದ ಮಾದರಿಯದು.