ಥಿಯೊಡೋರ್ ರೂಸ್ವೆಲ್ಟನೂ ಆದಿತ್ಯವಾರದ ಮದ್ಯದಂಗಡಿಗಳೂ

ಅಮೇರಿಕಾ ಸಂಯುಕ್ತ ಸಂಸ್ಥಾನಗಳ ರಾಷ್ಟ್ರಾಧ್ಯಕ್ಷರಲ್ಲಿ ರೂಸ್ವೆಲ್ಟ್ ಎಂಬ ಹೆಸರಿನವರು ಇಬ್ಬರಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಧಿಕಾರದಲ್ಲಿದ್ದ ಫ್ರಾಂಕ್ಲಿನ್ ರೂಸ್ವೆಲ್ಟನ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿರುವರು. ನಾವು ಈಗ ಬರೆಯುವುದು ಅವನಿಗಿಂತ ಮುಂಚೆ, 1901ರಿಂದ 1909ರ ವರೆಗೆ ಆ ಪದವಿಯಲ್ಲಿದ್ದ ಥಿಯೊಡೋರ್ ರೂಸ್ವೆಲ್ಟನ ವಿಷಯವಾಗಿದೆ. ಇವನ ಯುದ್ಧಗಳನ್ನೂ ಬೇಟೆಗಳನ್ನೂ ಕುರಿತು ಬರೆದವರು ಬಹುಮಂದಿ. ಆದರೆ ರಾಷ್ಟ್ರಾಧ್ಯಕ್ಷನಾಗುವುದಕ್ಕೆ ಆರು ವರ್ಷಗಳ ಮುಂಚೆ ಇವನು ನ್ಯೂಯಾರ್ಕ್ ಪಟ್ಟಣದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದು, ಆದಿತ್ಯವಾರದಲ್ಲಿ ಮದ್ಯದಂಗಡಿಗಳನ್ನು ಮುಚ್ಚಿಸಿದ ಸಂಗತಿಯು ನಮ್ಮ ಸಭೆಗಳವರು ತಿಳಿಯತಕ್ಕದ್ದಾಗಿದೆ. ಯಾಕಂದರೆ ದೇವಭಕ್ತರ ಪ್ರಯತ್ನದಿಂದ ಹುಟ್ಟಿದ ಒಂದು ಕಾನೂನು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬದು ಇದರಿಂದ ಚೆನ್ನಾಗಿ ತೋರಿಬರುತ್ತದೆ.

ಥಿಯೊಡೋರನು 1858ನೇ ಇಸವಿ ಅಕ್ಟೋಬರ್ 27ನೇ ತಾರೀಖಿನಲ್ಲಿ ನ್ಯೂಯಾರ್ಕಿನ ಒಂದು ಐಶ್ವರ್ಯವುಳ್ಳ ಕುಟುಂಬದಲ್ಲಿ ಜನಿಸಿದನು. ಅವನ ಪೂರ್ವಿಕರು ಹಾಲೆಂಡ್ ದೇಶದಿಂದ ಬಂದು ನೆಲಸಿದವರು. ಡಚ್ ರಿಫಾರ್ಮ್ಡ್ ಸಭೆಗೆ ಸೇರಿದವರು. ಆದಿತ್ಯವಾರಕ್ಕೂ ಮದ್ಯಕ್ಕೂ ಆ ಪಟ್ಟಣದಲ್ಲಿ ನಡೆದ ಹೋರಾಟವು ಆ ಸಭೆಯಷ್ಟೇ ಹಳೆಯದು. ನ್ಯೂಯಾರ್ಕ್ ಇನ್ನೂ ಡಚ್ಚರ ವಶದಲ್ಲಿದ್ದಾಗ, 1647ರಲ್ಲಿ, ಗವರ್ನರನಾದ ಪೀಟರ್ ಸ್ಟೈವೆಸಂಟನು ಆದಿತ್ಯವಾರದ ಆರಾಧನೆಯು ಮುಗಿಯುವ ವರೆಗೆ ಯಾರೂ ಮದ್ಯವನ್ನು ಮಾರಕೂಡದೆಂದು ಅಪ್ಪಣೆ ಮಾಡಿದ್ದನು.

ಥಿಯೊಡೋರನ ತಂದೆಯು ಸಾಯುವ ತನಕ ಆದಿತ್ಯವಾರಗಳ ಸಾಯಂಕಾಲವನ್ನು ಬೀದಿಯಲ್ಲಿ ವರ್ತಮಾನ ಪತ್ರಿಕೆ ಮಾರುವ ಬಡ ಹುಡುಗರ ವಸತಿಗೃಹದಲ್ಲಿ ಕಳೆಯುತ್ತಿದ್ದನು. ಮಗನು ಬಾಲ್ಯದಲ್ಲಿ ಉಬ್ಬಸ ರೋಗದಿಂದ ಬಹಳ ಕಷ್ಟಪಟ್ಟು, ವ್ಯಾಯಾಮದಿಂದ ದೇಹವನ್ನು ಬಲಪಡಿಸಿಕೊಂಡನು. ಯೌವನದಲ್ಲಿ ತಂದೆಯ ಸಭೆಯ ಸದಸ್ಯನಾದನು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಓದುವಾಗ ಎಪಿಸ್ಕೋಪಲ್ ಸಭೆಯವರ ಆದಿತ್ಯವಾರದ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದನು. ಅವನು ಆ ಸಭೆಗೆ ಸೇರದವನೆಂದು ತಿಳಿದ ಬೋಧಕನು ಅವನನ್ನು ಬಿಡಿಸಿದಾಗ ಮುನಿಸಿಕೊಂಡು ಕೂತುಬಿಡದೆ ಬೇರೊಂದು ಸಭೆಯ ಶಾಲೆಗೆ ಹೋಗಿ ಕಲಿಸಿದನು.

ಅವನಿಗೆ ದುಃಖವು ತಪ್ಪಲಿಲ್ಲ. 1884ನೇ ಇಸವಿ ಫೆಬ್ರವರಿ 14ನೇ ತಾರೀಖಿನಲ್ಲಿ ಅವನ ತಾಯಿಯೂ ಹೆಂಡತಿಯೂ ಒಂದೇ ಮನೆಯಲ್ಲಿ, ಒಂದೇ ದಿನದಲ್ಲಿ ಮರಣ ಹೊಂದಿದರು. ಹತ್ತು ವರ್ಷಗಳ ಮೇಲೆ ಇನ್ನೊಂದು ವಿಧವಾದ ದುಃಖವು ಬಂತು. ಎಲಿಯಟ್ ಎಂಬ ಅವನ ತಮ್ಮನು ರೂಪವಂತನೂ ಎಲ್ಲರಿಗೂ ಪ್ರಿಯನೂ ಆಗಿದ್ದು, ಕುಡಿತಕ್ಕೆ ದಾಸನಾದನು. ಅಣ್ಣನು ಪ್ಯಾರಿಸ್ ಪಟ್ಟಣದ ತನಕ ಹೋಗಿ ಅವನಿಗೆ ಬುದ್ಧಿ ಹೇಳಿದನು, ಚಿಕಿತ್ಸೆಗಳನ್ನು ಮಾಡಿಸಿದರು, ಯಾವದೂ ನಿಲ್ಲಲಿಲ್ಲ. ಎಲಿಯಟನು 1894ನೇ ಇಸವಿ ಆಗಸ್ಟ್ 14ನೇ ತಾರೀಖಿನಲ್ಲಿ, 34 ವರ್ಷ ಪ್ರಾಯದವನಾಗಿ ಸತ್ತನು. ತಾಯಿಯನ್ನು ಮೊದಲೇ ಕಳಕೊಂಡಿದ್ದ ಎಲೆನೋರ್ ಎಂಬ ಒಂಭತ್ತು ವರ್ಷದ ಅವನ ಮಗಳು ತಬ್ಬಲಿಯಾದಳು. ಹಣವಿದ್ದರೂ ವಿದ್ಯೆಯಿದ್ದರೂ ಕುಡಿತವು ಮನೆಯನ್ನು ಬಿಟ್ಟುಬಿಡುವುದಿಲ್ಲವೆಂಬದನ್ನು ರೂಸ್ವೆಲ್ಟನ ಮನೆಯವರು ಹೀಗೆ ಕಂಡುಕೊಂಡರು.

ಆಗಿನ ನ್ಯೂಯಾರ್ಕಿನ ಸ್ಥಿತಿಯನ್ನು ಇಲ್ಲಿ ವಿವರಿಸಬೇಕು. ಪಟ್ಟಣದಲ್ಲಿ 10,000ಕ್ಕೂ ಮಿಕ್ಕ ಮದ್ಯದಂಗಡಿಗಳಿದ್ದವು. ಆದಿತ್ಯವಾರದಲ್ಲಿ ಮದ್ಯವನ್ನು ಮಾರಕೂಡದೆಂಬ ಕಾನೂನು 1857ರಿಂದ ಇತ್ತು. 1892ರಲ್ಲಿ ಅದನ್ನು ತಿರಿಗಿ ಸ್ಥಿರಪಡಿಸಿದ್ದರು. ಇಂಥ ಕಾನೂನುಗಳಿಗೆ ಬಲವು ಮುಖ್ಯವಾಗಿ ಹಳ್ಳಿಗಾಡಿನ ಪ್ರೊಟೆಸ್ಟೆಂಟ್ ಸಭೆಗಳಿಂದ ಬಂತು. ಕರ್ತನ ದಿನವನ್ನು ಶುದ್ಧವಾಗಿ ಆಚರಿಸಬೇಕೆಂಬ ಆ ಜನರ ಪ್ರತಿನಿಧಿಗಳು ಸಂಸ್ಥಾನದ ಶಾಸನಸಭೆಯಲ್ಲಿ ಬಹುಮಂದಿ ಇದ್ದರು. ಆದರೆ ಪಟ್ಟಣದಲ್ಲಿ ವಾಸವಾಗಿದ್ದವರಲ್ಲಿ ಜರ್ಮನಿಯಿಂದಲೂ ಐರ್ಲೆಂಡಿನಿಂದಲೂ ಬಂದ ಕೂಲಿಗಾರರು ಅನೇಕರು. ವಾರದ ಆರು ದಿನವೂ ದುಡಿದು, ಒಂದೇ ದಿನದ ಬಿಡುವಿನಲ್ಲಿ ಹೆಂಡತಿ ಮಕ್ಕಳೊಡನೆ ಉದ್ಯಾನಗಳಲ್ಲಿ ಕೂತು ಬಿಯರ್ ಕುಡಿಯುವುದು ಜರ್ಮನರ ಪದ್ಧತಿಯಾಗಿತ್ತು. ಇವರೆಲ್ಲರೂ ಭಕ್ತಿಹೀನರೆಂದು ನಾವು ಎಣಿಸಬಾರದು. ಲೂಥರನ್ ಸಭೆಯವರೂ ಕಥೋಲಿಕರೂ ಅವರಲ್ಲಿದ್ದರು.

ಹೀಗಿರಲಾಗಿ ಕಾನೂನು ಪುಸ್ತಕದಲ್ಲಿ ಒಂದು ವಿಧವಾಗಿಯೂ ಬೀದಿಯಲ್ಲಿ ಇನ್ನೊಂದು ವಿಧವಾಗಿಯೂ ಇತ್ತು. ಆದಿತ್ಯವಾರದಲ್ಲಿ ಅಂಗಡಿಯ ಮುಂದಿನ ಬಾಗಲು ಮುಚ್ಚಿರುವುದು, ಪಕ್ಕದ ಬಾಗಲು ತೆರೆದಿರುವುದು. ಪೊಲೀಸಿನವರಿಗೆ ಲಂಚ ಕೊಟ್ಟವನು ನಿರ್ಭಯವಾಗಿ ಮಾರುವನು; ಕೊಡದವನು ಸೆರೆಗೆ ಹೋಗುವನು. ಟ್ಯಾಮನಿ ಎಂಬ ರಾಜಕೀಯ ಕೂಟದವರು ಆಗ ಪಟ್ಟಣವನ್ನು ಆಳುತ್ತಿದ್ದು, ಇದರಿಂದ ಲಾಭ ಹೊಂದುತ್ತಿದ್ದರು. ಕೆಟ್ಟತನವನ್ನು ತಡೆಯುವುದಕ್ಕಾಗಿ ಮಾಡಿದ ಕಾನೂನೇ ಕೆಟ್ಟತನಕ್ಕೆ ಅಂಗಡಿಯಾಯಿತು.

ಇದನ್ನು ಮೊದಲು ಬಹಿರಂಗಪಡಿಸಿದವನು ಒಬ್ಬ ಬೋಧಕನು. ಮ್ಯಾಡಿಸನ್ ಸ್ಕ್ವೇರ್ ಪ್ರೆಸ್ಬಿಟೇರಿಯನ್ ಸಭೆಯ ಚಾರ್ಲ್ಸ್ ಪಾರ್ಕರ್ಸ್ಟ್ ಎಂಬವನು 1892ನೇ ಇಸವಿ ಫೆಬ್ರವರಿ 14ನೇ ತಾರೀಖಿನಲ್ಲಿ ಪ್ರಸಂಗಪೀಠದಿಂದ ಪಟ್ಟಣದ ಅಧಿಕಾರಸ್ಥರ ಮೇಲೆ ತಪ್ಪು ಹೊರಿಸಿದನು. ಸಾಕ್ಷಿ ಎಲ್ಲಿ ಎಂದು ಅವರು ಕೇಳಲು, ಅವನು ವೇಷ ಬದಲಿಸಿ ರಾತ್ರಿ ವೇಳೆಯಲ್ಲಿ ಮದ್ಯದಂಗಡಿಗಳಿಗೂ ದುರ್ಮಾರ್ಗದ ಮನೆಗಳಿಗೂ ಹೋಗಿ ನೋಡಿ, ಪ್ರಮಾಣಪತ್ರಗಳನ್ನು ಕೂಡಿಸಿ, ಮುಂದಿನ ತಿಂಗಳಲ್ಲಿ ಅವುಗಳೊಡನೆ ತಿರಿಗಿ ಪ್ರಸಂಗ ಮಾಡಿದನು. 1894ರಲ್ಲಿ ಶಾಸನಸಭೆಯವರು ನೇಮಿಸಿದ ಲೆಕ್ಸೋ ವಿಚಾರಣಾ ಸಮಿತಿಯು ಪೊಲೀಸಿನವರ ಲಂಚಗಳನ್ನು ಬೆಳಕಿಗೆ ತಂದಿತು. ಅದೇ ವರ್ಷದ ಚುನಾವಣೆಯಲ್ಲಿ ಟ್ಯಾಮನಿಯವರು ಸೋತು, ವಿಲಿಯಂ ಸ್ಟ್ರಾಂಗ್ ಎಂಬವನು ಮೇಯರನಾದನು. ಅವನು ರೂಸ್ವೆಲ್ಟನನ್ನು ಕರೆಯಲು, ಇವನು 1895ನೇ ಇಸವಿ ಮೇ 6ನೇ ತಾರೀಖಿನಲ್ಲಿ ಪೊಲೀಸ್ ಮಂಡಲಿಗೆ ಸೇರಿ, ಅದರ ನಾಲ್ವರು ಸದಸ್ಯರಲ್ಲಿ ಮುಖ್ಯಸ್ಥನಾದನು.

ರೂಸ್ವೆಲ್ಟನು ಜೇಕಬ್ ರೀಸ್ ಎಂಬ ಪತ್ರಿಕಾವರದಿಗಾರನನ್ನು ಜೊತೆಗೆ ಕರಕೊಂಡು, ರಾತ್ರಿಯೆಲ್ಲಾ ಬೀದಿಗಳಲ್ಲಿ ತಿರುಗಿ, ನಿದ್ರೆ ಮಾಡುವ ಪೊಲೀಸಿನವರನ್ನೂ ಅಂಗಡಿಯೊಳಗೆ ಕೂತಿರುವವರನ್ನೂ ಹಿಡಿದನು. ಆ ಬೇಸಿಗೆಯಲ್ಲಿ ಆದಿತ್ಯವಾರದ ಕಾನೂನನ್ನು ಬಡವ ಬಲ್ಲಿದ ಎನ್ನದೆ ಎಲ್ಲಾ ಅಂಗಡಿಗಳ ಮೇಲೆಯೂ ನಡಿಸಬೇಕೆಂದು ಅಪ್ಪಣೆ ಮಾಡಿದನು. ಮದ್ಯವನ್ನು ಸಂಪೂರ್ಣವಾಗಿ ನಿಲ್ಲಿಸಬೇಕೆಂಬ ಅಭಿಪ್ರಾಯವು ಅವನಿಗಿರಲಿಲ್ಲ. ಕಾನೂನು ಇರುವ ತನಕ ಅದನ್ನು ನಡಿಸಬೇಕು, ಬೇಡವಾದರೆ ಶಾಸನಸಭೆಯಲ್ಲಿ ತೆಗೆದುಹಾಕಬೇಕು, ಕೆಲವರಿಗೆ ನಡಿಸಿ ಕೆಲವರಿಗೆ ಬಿಡುವುದೇ ಲಂಚದ ಬೇರು ಎಂಬದು ಅವನ ವಾದವಾಗಿತ್ತು.

ಕ್ಯಾಲಹನ್ ಎಂಬ ಒಬ್ಬ ಅಂಗಡಿಯವನಿದ್ದನು. ಹಿಂದೆ ಶಾಸನಸಭೆಯ ಸದಸ್ಯನಾಗಿದ್ದ ಇವನ ಮೇಲೆ ಕೈಹಾಕುವ ಧೈರ್ಯವು ಯಾವ ಪೊಲೀಸಿನವನಿಗೂ ಇರಲಿಲ್ಲ. ಬೋರ್ಕ್ ಎಂಬ ಹೊಸ ಪೊಲೀಸಿನವನು ಇವನ ಅಂಗಡಿಗೆ ಹೋಗಿ, ಪೆಟ್ಟು ತಿಂದರೂ ಬಿಡದೆ ಇವನನ್ನು ಸೆರೆಹಿಡಿದನು. ಹಳೆಯ ಕಾಲದಲ್ಲಿ ಇಂಥವನ ಕೆಲಸವು ಮರುದಿನವೇ ಹೋಗುತ್ತಿತ್ತು. ರೂಸ್ವೆಲ್ಟನಾದರೋ ಅವನ ಪಕ್ಷವನ್ನು ಹಿಡಿದು, ಮೇಲಿನ ದರ್ಜೆಗೆ ಏರಿಸಿದನು. ಇದನ್ನು ಕಂಡು ಪಟ್ಟಣದ ಅಂಗಡಿಯವರು ಕಾಲವು ಬದಲಾಯಿತೆಂದು ತಿಳುಕೊಂಡರು.

ಸೋಮವಾರಗಳಲ್ಲಿ ಆಸ್ಪತ್ರೆಗೆ ಬರುವ ಗಾಯಾಳುಗಳು ಕಡಿಮೆಯಾದರೆಂದು ಅವನ ಪಕ್ಷದವರು ಹೇಳಿಕೊಂಡರು. ಪಾರ್ಕರ್ಸ್ಟನೂ ಅನೇಕ ಬೋಧಕರೂ ಅವನನ್ನು ಹೊಗಳಿದರು. ಆದರೆ ಬಡವರ ಸಿಟ್ಟು ಹೆಚ್ಚುತ್ತಾ ಬಂತು. ಅದಕ್ಕೆ ಕಾರಣವೂ ಇತ್ತು. ಐಶ್ವರ್ಯವಂತನು ದೊಡ್ಡ ಹೋಟೆಲಿನಲ್ಲಿ ಊಟದೊಡನೆ ದ್ರಾಕ್ಷಾರಸವನ್ನು ಕುಡಿಯುವುದಕ್ಕೆ ಕಾನೂನಿನ ಅಡ್ಡಿಯಿರಲಿಲ್ಲ. ಬಡವನಿಗಾದರೋ ಒಂದೇ ಕೋಣೆಯಲ್ಲಿ ಸಂಸಾರವೆಲ್ಲಾ ಒತ್ತಾಗಿ ವಾಸಿಸುವ ಮನೆಯ ಹೊರತಾಗಿ ಕೂತು ಮಾತಾಡುವುದಕ್ಕೆ ಇದ್ದ ಸ್ಥಳವು ಮದ್ಯದಂಗಡಿಯೊಂದೇ. ಅದನ್ನು ಮುಚ್ಚಿಸಿದವರು ಅವನಿಗೆ ಬೇರೊಂದು ಸ್ಥಳವನ್ನು ತೆರೆದುಕೊಡಲಿಲ್ಲ.

1895ನೇ ಇಸವಿ ಸೆಪ್ಟೆಂಬರ್ 25ನೇ ತಾರೀಖಿನಲ್ಲಿ ಜರ್ಮನರು ಈ ಕಾನೂನಿಗೆ ವಿರೋಧವಾಗಿ ದೊಡ್ಡ ಮೆರವಣಿಗೆ ಹೊರಡಿಸಿ, ಪರಿಹಾಸ್ಯಕ್ಕಾಗಿ ರೂಸ್ವೆಲ್ಟನನ್ನೂ ಕರೆದರು. ಅವನು ಹೋಗಿ ವೇದಿಕೆಯ ಮೇಲೆ ನಿಂತನು. ಮೆರವಣಿಗೆಯಲ್ಲಿದ್ದ ಒಬ್ಬನು ರೂಸ್ವೆಲ್ಟನು ಎಲ್ಲಿದ್ದಾನೆಂದು ಜರ್ಮನ್ ಭಾಷೆಯಲ್ಲಿ ಕೂಗಲು, ಇಲ್ಲಿದ್ದೇನೆಂದು ಅವನೇ ಅದೇ ಭಾಷೆಯಲ್ಲಿ ಉತ್ತರ ಕೊಟ್ಟನು. ಬೈಯುವುದಕ್ಕೆ ಬಂದವರು ನಕ್ಕು ಜಯಕಾರ ಮಾಡಿದರು. ಆದಾಗ್ಯೂ ನವೆಂಬರ್ ತಿಂಗಳ ಚುನಾವಣೆಯಲ್ಲಿ ಜರ್ಮನರ ಮತಗಳು ಅವನ ಪಕ್ಷವನ್ನು ಬಿಟ್ಟುಹೋಗಿ, ಪಟ್ಟಣದಲ್ಲಿ ಟ್ಯಾಮನಿಯವರು ಗೆದ್ದರು.

ಆಮೇಲೆ ಆದದ್ದನ್ನು ವಾಚಕರು ಗಮನಿಸಬೇಕು. 1896ರಲ್ಲಿ ಜಾನ್ ರೇನ್ಸ್ ಎಂಬ ಹಳ್ಳಿಗಾಡಿನ ಸದಸ್ಯನು ತಂದ ಹೊಸ ಕಾನೂನನ್ನು ಶಾಸನಸಭೆಯವರು ಒಪ್ಪಿದರು. ಅದರಂತೆ ಆದಿತ್ಯವಾರದಲ್ಲಿ ಹೋಟೆಲುಗಳವರು ಮಾತ್ರ ತಮ್ಮ ಅತಿಥಿಗಳಿಗೆ ಊಟದೊಡನೆ ಮದ್ಯವನ್ನು ಕೊಡಬಹುದು. ಹೋಟೆಲ್ ಎನ್ನಿಸಿಕೊಳ್ಳಬೇಕಾದರೆ ಮಲಗುವ ಕೋಣೆಗಳು ಹತ್ತು ಇರಬೇಕು. ಇದನ್ನು ಕೇಳಿ ಮದ್ಯದಂಗಡಿಯವರು ಅಟ್ಟಗಳಲ್ಲಿಯೂ ಹಿಂದಣ ಕೋಣೆಗಳಲ್ಲಿಯೂ ಹಲಗೆಗಳನ್ನು ಅಡ್ಡಕಟ್ಟಿ ಹತ್ತು ಗೂಡುಗಳನ್ನು ಮಾಡಿ, ಹೋಟೆಲೆಂದು ಹೆಸರಿಟ್ಟರು. ಊಟವೆಂದು ಒಂದು ರೊಟ್ಟಿಯ ತಿಂಡಿಯನ್ನು ಮೇಜಿನ ಮೇಲೆ ಇಡುವರು. ಅದನ್ನು ಯಾರೂ ತಿನ್ನುವುದಿಲ್ಲ. ಅದೇ ತಿಂಡಿಯು ಮೇಜಿನಿಂದ ಮೇಜಿಗೆ ದಿನವೆಲ್ಲಾ ತಿರುಗುವದು. ಇಂಥ ಹೋಟೆಲುಗಳು ಸಾವಿರಕ್ಕೂ ಮಿಕ್ಕಿ ಎದ್ದವು. ಖಾಲಿಯಾದ ಗೂಡುಗಳು ವ್ಯಭಿಚಾರಕ್ಕೆ ಎಡೆಯಾದವು. ಮೊದಲು ಕುಡಿತ ಒಂದೇ ಇದ್ದಲ್ಲಿ ಈಗ ಎರಡು ಪಾಪಗಳು ಒಂದೇ ಸೂರಿನ ಕೆಳಗೆ ಕೂಡಿದವು. ಇವುಗಳನ್ನು ಅಡಗಿಸುವುದಕ್ಕಾಗಿ 1905ರಲ್ಲಿ ಬೋಧಕರೂ ಪಟ್ಟಣಸ್ಥರೂ ಸೇರಿ ಬೇರೊಂದು ಸಮಿತಿಯನ್ನು ಮಾಡಬೇಕಾಯಿತು.

ರೂಸ್ವೆಲ್ಟನು 1897ರಲ್ಲಿ ಆ ಕೆಲಸವನ್ನು ಬಿಟ್ಟು ನೌಕಾ ಇಲಾಖೆಗೆ ಹೋದನು. ಅನಂತರ ಅವನು ಕ್ಯೂಬಾ ಯುದ್ಧದಲ್ಲಿ ಹೆಸರು ಪಡೆದದ್ದೂ, ನ್ಯೂಯಾರ್ಕ್ ಸಂಸ್ಥಾನದ ಗವರ್ನರನಾದದ್ದೂ, 1901ರಲ್ಲಿ ರಾಷ್ಟ್ರಾಧ್ಯಕ್ಷನಾದದ್ದೂ, ರಷ್ಯಾ ಜಪಾನುಗಳಿಗೆ ಸಂಧಿ ಮಾಡಿಸಿ 1906ರಲ್ಲಿ ನೊಬೆಲ್ ಶಾಂತಿ ಬಹುಮಾನ ಹೊಂದಿದ್ದೂ ಲೋಕಪ್ರಸಿದ್ಧವಾಗಿದೆ.

ಕುಡಿತದ ಮಾತು ಮಾತ್ರ ಅವನ ಬೆನ್ನನ್ನು ಬಿಡಲಿಲ್ಲ. 1912ರಲ್ಲಿ ಮಿಚಿಗನ್ ಸಂಸ್ಥಾನದ ಒಂದು ಪತ್ರಿಕೆಯು ಅವನನ್ನು ಕುಡುಕನೆಂದು ಬರೆಯಿತು. ಅವನು ವ್ಯಾಜ್ಯ ಹೂಡಿ, ಮರುವರ್ಷ ನ್ಯಾಯಸ್ಥಾನದಲ್ಲಿ ನಿಂತು, ತಾನು ಯಾವಾಗ ಎಷ್ಟು ಕುಡಿದನೆಂಬದನ್ನು ಮರೆಮಾಡದೆ ಹೇಳಿದನು. ವೈದ್ಯರೂ ಸ್ನೇಹಿತರೂ ಅವನ ಮಿತತ್ವಕ್ಕೆ ಸಾಕ್ಷಿ ಕೊಟ್ಟರು. ಪತ್ರಿಕೆಯವನು ತಪ್ಪನ್ನು ಒಪ್ಪಿಕೊಂಡನು. ರೂಸ್ವೆಲ್ಟನು ದೊಡ್ಡ ಪರಿಹಾರವನ್ನು ಕೇಳದೆ, ಹೆಸರಿಗೆ ಮಾತ್ರ ಆರು ಸೆಂಟುಗಳ ತೀರ್ಪನ್ನು ಹೊಂದಿ ಮನೆಗೆ ಹೋದನು.

ಅವನು 1919ನೇ ಇಸವಿ ಜನವರಿ 6ನೇ ತಾರೀಖಿನಲ್ಲಿ ನಿದ್ರೆಯಲ್ಲಿಯೇ ಮರಣ ಹೊಂದಿದನು. ಹತ್ತು ದಿನಗಳ ಮೇಲೆ, ದೇಶದಲ್ಲೆಲ್ಲಾ ಮದ್ಯವನ್ನು ನಿಷೇಧಿಸುವ ತಿದ್ದುಪಡಿಯು ಸ್ಥಿರವಾಯಿತು. ಇದಕ್ಕಾಗಿ ಅಲ್ಲಿಯ ಪ್ರೊಟೆಸ್ಟೆಂಟ್ ಸಭೆಗಳವರು ಬಹುಕಾಲ ದುಡಿದಿದ್ದರು. ಆದರೆ ಪಕ್ಕದ ಬಾಗಲು ಆಗಲೂ ಮುಚ್ಚಲಿಲ್ಲ. ಕಳ್ಳಮದ್ಯವೂ ಲಂಚವೂ ದೇಶವನ್ನು ತುಂಬಿದವು. 1933ರಲ್ಲಿ ಆ ನಿಷೇಧವನ್ನು ತೆಗೆದುಹಾಕಿದಾಗ ರಾಷ್ಟ್ರಾಧ್ಯಕ್ಷನಾಗಿದ್ದವನು ಫ್ರಾಂಕ್ಲಿನ್ ರೂಸ್ವೆಲ್ಟ್. ಅವನ ಹೆಂಡತಿಯು ಯಾರು? ಕುಡಿತದಿಂದ ಸತ್ತ ಎಲಿಯಟನ ಮಗಳಾದ ಎಲೆನೋರಳೇ.

ಆದಿತ್ಯವಾರದ ಕಾನೂನುಗಳು ಇದರಿಂದ ಅಳಿದುಹೋಗಲಿಲ್ಲ. 1961ರಲ್ಲಿ ಆ ದೇಶದ ಪರಮೋಚ್ಚ ನ್ಯಾಯಾಲಯವು ಇಂಥ ಕಾನೂನುಗಳು ಧರ್ಮದಿಂದ ಹುಟ್ಟಿದ್ದರೂ ಎಲ್ಲರಿಗೂ ಒಂದೇ ವಿಶ್ರಾಂತಿದಿನವನ್ನು ಕೊಡುವದರಿಂದ ನಿಲ್ಲಬಹುದೆಂದು ತೀರ್ಪು ಮಾಡಿತು. ಅನಂತರ ಒಂದೊಂದಾಗಿ ಸಂಸ್ಥಾನಗಳು ಅವುಗಳನ್ನು ಸಡಿಲಿಸುತ್ತಾ ಬಂದವು. ಮಿನ್ನೆಸೋಟದಲ್ಲಿ 2017ರಲ್ಲಿಯೂ ಇಂಡಿಯಾನಾದಲ್ಲಿ 2018ರಲ್ಲಿಯೂ ಅಂಗಡಿಗಳು ಆದಿತ್ಯವಾರದಲ್ಲಿ ಮದ್ಯವನ್ನು ಮಾರುವುದಕ್ಕೆ ಅಪ್ಪಣೆಯಾಯಿತು.

ಪ್ರಿಯರೇ, ಇದನ್ನೆಲ್ಲಾ ಓದಿ ಕಾನೂನು ವ್ಯರ್ಥವೆಂದು ಯಾರೂ ಹೇಳದಿರಲಿ. ಎಲ್ಲರ ಮೇಲೂ ಸಮನಾಗಿ ನಡೆದ ಆ ಒಂದು ಬೇಸಿಗೆಯಲ್ಲಿ ಕಾನೂನು ಲಂಚದ ಬೇರಿಗೆ ಕೊಡಲಿ ಹಾಕಿತೆಂಬದು ಸತ್ಯ. ಆದರೆ ಪೊಲೀಸಿನವನು ಅಂಗಡಿಯ ಬಾಗಲನ್ನು ಮಾತ್ರ ಮುಚ್ಚಬಲ್ಲನು. ಕುಡಿಯುವವನು ಆ ಹೊತ್ತಿನಲ್ಲಿ ಎಲ್ಲಿಗೆ ಹೋಗಿ ಕೂತುಕೊಳ್ಳಬೇಕು, ಯಾರೊಡನೆ ಮಾತಾಡಬೇಕು, ಅವನ ಮಕ್ಕಳು ಯಾರ ಕೈಹಿಡಿದು ನಡೆಯಬೇಕು ಎಂಬದಕ್ಕೆ ಕಾನೂನಿನಲ್ಲಿ ಉತ್ತರವಿಲ್ಲ. ನ್ಯೂಯಾರ್ಕಿನ ಭಕ್ತರು ಮುಚ್ಚುವುದಕ್ಕೆ ಪಟ್ಟ ಪ್ರಯಾಸವನ್ನು ತೆರೆಯುವುದಕ್ಕೂ ಪಟ್ಟಿದ್ದರೆ ಒಳ್ಳೇದಾಗುತ್ತಿತ್ತು. ತಂದೆಯಾದ ರೂಸ್ವೆಲ್ಟನು ಬೀದಿಯ ಹುಡುಗರೊಡನೆ ಕಳೆದ ಆದಿತ್ಯವಾರದ ಸಾಯಂಕಾಲಗಳನ್ನು ನಾವು ನೆನಸಿಕೊಳ್ಳೋಣ. ಆರಾಧನೆ ಮುಗಿದ ಮೇಲೆ ನಮ್ಮ ನೆರೆಯಲ್ಲಿ ಕುಡಿಯುವ ಸಹೋದರನೊಬ್ಬನಿದ್ದರೆ, ಅವನಿಗೆ ತೆರೆದಿರುವ ಮನೆಯು ನಮ್ಮದಾಗಿರಲಿ.